ತಂದೆ ಹೆಸರಿನ ಜಾಗ

ಯಾದಗಿರಿ
14-11-2025, ಶುಕ್ರವಾರ

ಪ್ರೀತಿಯ ಅವ್ವಾ,

ಮೊಣಕಾಲಿನ ಬ್ಯಾನಿ ಹ್ಯಾಂಗದ? ಸಾಲಿ ಬಿಸಿಯೂಟದ ದೊಡ್ಡ ಪಾತೇಲಿ ಒಬ್ಬಾಕಿನೇ ಇಳಸಬ್ಯಾಡ ಅಂದ್ರ ನೀ ಕೇಳಂಗಿಲ್ಲ. ನಾ ಆರಾಮ ಅದೀನಿ. ಊಟ ಸೇರತದ, ನಿದ್ದಿ ಅಷ್ಟು ಬರವಲ್ದು. ಫೋನ್ ಮಾಡಬಹುದಿತ್ತು, ಆದ್ರ ಫೋನ್ ಪರಮಣ್ಣ ಮಾವನ ಕೈಯಾಗ ಇರತದ, ಅಂವ ಸ್ಪೀಕರ್ ಹಾಕಿ ಓಣಿಗೆಲ್ಲಾ ಕೇಳಸ್ತಾನ. ಇದನ್ನ ಬಾಜೂ ಮನಿ ಮೆಹನಾಜ ಅಕ್ಕನ ಕಡಿಂದ ಓದಿಸು.

ಕಾಲೇಜಿನ್ಯಾಗ ನಮ್ಮ ಕಂಪ್ಯೂಟರ್ ಮೇಡಂ ನಾಲ್ಕು ಮಂದಿಗೆ ಕೂಡಿ ಒಂದು ಪ್ರಾಜೆಕ್ಟ್ ಕೊಟ್ಟಾರ. ಹಾಸ್ಟೆಲ್ ಹುಡುಗ್ಯಾರ ರಿಜಿಸ್ಟರ್ ಕಂಪ್ಯೂಟರಿನ್ಯಾಗ ಬರಬೇಕು. ನನ್ನ ಪೇಜಿನ್ಯಾಗ ಹುಡುಗಿ ಹೆಸರು, ತಂದೆ ಹೆಸರು, ಊರು ಕಾಣಬೇಕು. ಉಳಿದವರದು ಮುಗಿಯೋತನಕ ಕಾಯಬಾರದು, ನಿನ್ನ ಪೇಜ್ ಒಂದನ್ನೇ ಬ್ಯಾರೆ ಇಟ್ಟು ಟೆಸ್ಟ್ ಮಾಡಬೇಕು ಅಂತ ಮೇಡಂ ಕಲಿಸ್ಯಾರ. ಸಾರು ಇನ್ನೂ ಒಲಿ ಮ್ಯಾಲ ಇದ್ದಾಗಲೇ ನೀ ಅನ್ನದ ಅಗಳು ಹಿಚಗಿ ನೋಡ್ತೀಯಲ್ಲ, ಹಂಗ. ಆವಾಗ ಖರೇ ಹುಡುಗ್ಯಾರ ಮಾಹಿತಿ ಇರಂಗಿಲ್ಲ, ನಾವೇ ಒಬ್ಬಾಕಿನ್ನ ಹುಟ್ಟಿಸಿ ಪೇಜಿಗೆ ಕೊಡಬೇಕು. ನಾ ಹತ್ತು ಮಂದಿನ್ನ ಹುಟ್ಟಿಸಿದೆ. ಹತ್ತಕ್ಕ ಹತ್ತೂ ಪಾಸ್. ಪಾಸಾದ್ರ ಹಸಿರು ಗುರುತು ಬರತದ. ನನ್ನ ಜೋಡಿ ಮಾಡೋ ಗುರುದೇವಿ, 'ನಿಂದು ಏನವಾ, ಕೆನಾಲ್ ಬಾಜೂಕಿನ ಗದ್ದಿ ಇದ್ದಂಗ, ಬರೇ ಹಸಿರು' ಅಂತ ಅಣಕಿಸಿದ್ಲು.

ನಿನ್ನೆ ಎಲ್ಲಾ ಪೇಜ್ ಜೋಡಿಸಿ ಖರೇ ಹೆಸರು ಹಾಕಿದ್ವಿ. ನಮ್ಮ ಹಾಸ್ಟೆಲಿನ್ಯಾಗಿರೋ ಸುರಪುರದ ಸಪ್ನಾಂದು ತಗದಾಗ ನನ್ನ ಪೇಜ್ ಬೆಳ್ಳಗಾಗಿ ನಿಂತುಬಿಡ್ತು. ಆಕಿ ತಂದೆ ಹೆಸರಿನ ಜಾಗ ಖಾಲಿ ಇತ್ತು. ಗುರುದೇವಿ ನಕ್ಕು, 'ಅಪ್ಪ ಇಲ್ದೆ ಯಾರರ ಹುಟ್ಟತಾರೇನು? ಆ ಜಾಗ ಖಾಲಿ ಬಿಡಾಕ ಬರಲಾರದಂಗ ಮಾಡೂಣು, ಮುಗೀತು' ಅಂದ್ಲು. ಅಲ್ಲೇ ನಿಂತಿದ್ದ ಸಪ್ನಾ ಸಣ್ಣ ದನಿಲೆ, 'ಏನರ ಒಂದು ಹೆಸರು ಹಾಕ್ರಿ, ನಡೀತದ' ಅಂದ್ಲು. ಅವ್ವಾ, ಅದು ನನ್ನ ಬಾಯಾಗಿನ ಮಾತೇ. ಆರನೇ ಕ್ಲಾಸಿಗೆ ನನ್ನ ಹಾಸ್ಟೆಲಿಗೆ ಹಚ್ಚುವಾಗ ಅಲ್ಲಿ ಕ್ಲರ್ಕ್ 'ಖಾಲಿ ಬಿಡಾಕ ಬರಂಗಿಲ್ಲ' ಅಂದಿದ್ದಕ್ಕ ನೀ ಮಾವನ ಹೆಸರು ಬರಸಿದಿ. ಅಂದಿನಿಂದ ಎಲ್ಲಾ ಕಡಿ ತಂದೆ ಪರಮಣ್ಣ ಅಂತ ತುಂಬಕೋತ ಬಂದೀನಿ. ಕೈಗೆ ಎಷ್ಟು ರೂಢಿ ಆಗ್ಯದಂದ್ರ, ನಾನೇ ಹುಟ್ಟಿಸಿದ ಹತ್ತು ಹುಡುಗ್ಯಾರಿಗೂ ಒಬ್ಬೊಬ್ಬ ಅಪ್ಪನ್ನ ಕೊಟ್ಟೀನಿ. ನನ್ನಂಥಾಕಿ ಒಬ್ಬಾಕಿ ಇರಬಹುದು ಅಂತ ನನಗೇ ಹೊಳೀಲಿಲ್ಲ.

ಇವತ್ತು ಮುಂಜಾನೆ ಹನ್ನೊಂದನೇ ಟೆಸ್ಟ್ ಬರದೆ. ತಂದೆ ಹೆಸರು ಇಲ್ಲ, ತಾಯಿ ಮೋನಮ್ಮ, ಊರು ಶಿರವಾಳ. ಹೌದವಾ, ನಿನ್ನ ಹೆಸರೇ, ನಮ್ಮೂರೇ. ಫೇಲಾತು. ತಾಸೊತ್ತು ಕುಂತು ಪೇಜ್ ತಿದ್ದಿದೆ. ಈಗ ತಂದೆ ಹೆಸರು ಇರಲಿಲ್ಲಂದ್ರ ತಾಯಿ ಹೆಸರು ತೋರಸ್ತದ. ಆದ್ರ ಗುರುದೇವಿ ಹೇಳಿದಂಗ ಮಾಡೋದೋ, ನಾ ಮಾಡಿದಂಗ ಇಡೋದೋ ಅಂತ ಮೇಡಂ ಸೋಮವಾರ ಎಲ್ಲಾರ ಮುಂದ ಕೇಳ್ತಾರ. ಇದು ಯಾಕ ಬೇಕು ಅಂದ್ರ ಸಪ್ನಾನ ಕಡಿ ಬಟ್ಟು ತೋರಸಾಕ ನನಗ ಮನಸ್ಸಿಲ್ಲ. ನನ್ನ ಕಡಿ ತೋರಿಸ್ಕೊಳ್ಳಾಕ ಧೈರ್ಯ ಸಾಲವಲ್ದು.

ಮಾವನ ಮ್ಯಾಲ ಸಿಟ್ಟಿಲ್ಲ ಮತ್ತ. ಹೆಸರು ಕೊಟ್ಟಾನ, ನನ್ನ ಟ್ರಂಕ್ ಹೊತಗೊಂಡು ಹಾಸ್ಟೆಲ್ ತನಕ ಬಂದಾನ. ಅವನಿಗೂ ಅತ್ತಿಗೂ ನಮಸ್ಕಾರ ಹೇಳು, ಮೆಹನಾಜ ಅಕ್ಕಗ ಸಲಾಮ. ನೀ ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಗಳು
ಪಂಚಶೀಲಾ

ತಾ.ಕ.: ಮಸ್ತಾನಸಾಬ ಕಾಕಾ ಊರಿಗೆ ಹೊಂಟಾನ, ಅವನ ಕೈಯಾಗೇ ಕಳಸಾಕತ್ತೀನಿ. ಒಳಗ ಒಂದು ಅರ್ಜಿ ಅದ. ಕಾಲೇಜಿನ ದಾಖಲೆದಾಗ ಮಾವನ ಹೆಸರು ತಗದು ನಿನ್ನ ಹೆಸರು ಹಾಕಬೇಕಂತ. ಸಹಿ ಮಾಡೋ ಜಾಗ ಅಕ್ಕ ತೋರಸ್ತಾಳ. ಹಟ ಇಲ್ಲವಾ. ಊರಾಗ ಇರಾಕಿ ನೀ, ಮಂದಿ ಮಾತು ಕೇಳಾಕಿನೂ ನೀನೇ. ಕಾಕಾ ಆಯ್ತವಾರ ತಿರುಗಿ ಬರತಾನ. ಸಹಿ ಇಲ್ದೆ ಬಂದ್ರ, ಸೋಮವಾರ ಮೇಡಂಗ ಹೇಳಾಕ ಬ್ಯಾರೆ ಏನರ ಕಾರಣ ಹುಡಕತೀನಿ. ಸಹಿ ಆಗಿ ಬಂದ್ರ, ಕಾರಣ ನಾನೇ ಅಂತ ಹೇಳ್ತೀನಿ.