ಉರುಟು ತಲೆ

ಸಿದ್ಧಕಟ್ಟೆ
16 ಫೆಬ್ರವರಿ, ಸೋಮವಾರ

ಮಸ್ಕತ್ತಿನಲ್ಲಿರುವ ಪ್ರೀತಿಯ ತೃಪ್ತಿಗೆ, ನಿನ್ನ ಮುಂಡಪ್ಪ ಮಾವನ ಆಶೀರ್ವಾದಗಳು.

ಬಂಟ್ವಾಳದಿಂದ ಮೂಡಬಿದ್ರೆಯವರೆಗೆ ನನ್ನನ್ನು ಕೇಳದೆ ಯಾವ ಡಾಕ್ಟರೂ ಯಾರ ಮೈಗೂ ಕತ್ತಿ ಮುಟ್ಟಿಸುವುದಿಲ್ಲ, ನಿನಗೆ ಗೊತ್ತುಂಟಲ್ಲ. ಮೊನ್ನೆ ಮಂಗಳೂರಿನ ದೊಡ್ಡ ಡಾಕ್ಟರು ನನ್ನನ್ನು ಕಂಡವರೇ ಕುರ್ಚಿ ಬಿಟ್ಟು ಎದ್ದು ನಿಂತರು.

ಫೋನಿನಲ್ಲಿ ಹೇಳುವ ಎಂದರೆ ನನ್ನ ಬಾಯಿ ಹೀಗೆ ಬಡಾಯಿಯ ಕಡೆಗೇ ಓಡುತ್ತದೆ. ಅದಕ್ಕೆ ಈ ಕಾಗದ.

ನಿನ್ನ ಮಗಳ ತಲೆಯ ಎಲುಬುಗಳು ಹುಟ್ಟುವಾಗಲೇ ಕೂಡಿಕೊಂಡಿವೆ, ಮಿದುಳು ಬೆಳೆಯಲಿಕ್ಕೆ ಜಾಗ ಇಲ್ಲ, ವರ್ಷ ತುಂಬುವ ಮೊದಲು ಬಿಡಿಸಿ ಜೋಡಿಸಬೇಕು ಎಂದು ಡಾಕ್ಟರು ಹೇಳಿದ್ದನ್ನು ನೀನೂ ಕೇಳಿದವಳು. ರಜೆ ಮುಗಿದು ನೀನು ಹೊರಟಾಗ, ಆಸ್ಪತ್ರೆಗೆ ಒಯ್ಯುವುದು ನನ್ನ ಜವಾಬ್ದಾರಿ ಎಂದೆ. ಸೋದರಮಾವ ಇರುವಾಗ ಬೇರೆ ಯಾರು?

ಆಸ್ಪತ್ರೆಯವರು ಬರಹೇಳಿದ ದಿನ ಸಾತ್ವಿಕಾಳನ್ನು ಎತ್ತಿಕೊಂಡು ಬಸ್ಸು ಹತ್ತಿದ್ದು ನಿಜ. ಈ ಕಿವಿಯಿಂದ ಆ ಕಿವಿಯವರೆಗೆ ಕೊಯ್ಯುತ್ತಾರೆ ಎಂಬುದೊಂದೇ ಮನಸ್ಸಿನಲ್ಲಿ ಸುತ್ತುತ್ತಿತ್ತು. ಅವಳು ನನ್ನ ಮೀಸೆ ನೋಡಿ ನಗುತ್ತಿದ್ದಳು. ಅರ್ಧ ದಾರಿಯಲ್ಲಿ, ಬಿ.ಸಿ.ರೋಡಿನಲ್ಲಿ ಇಳಿದುಬಿಟ್ಟೆ. ಹೋಟೆಲಿನಲ್ಲಿ ಬನ್ಸ್ ತಿಂದು, ಸಂಜೆ ಮನೆಗೆ ಬಂದು, ಆಪರೇಶನ್ ಬೇಡವಂತೆ, ಎಣ್ಣೆ ಹಾಕಿ ಒತ್ತಿದರೆ ಸಾಕಂತೆ ಎಂದೆ. ನಿನಗೂ ಅದನ್ನೇ ಹೇಳಿದೆ.

ನಿನ್ನ ಅಮ್ಮ ಶಶಿಪ್ರಭಾ ನಂಬಲಿಲ್ಲ. “ನೀನೊಬ್ಬಳು ಮಾರಾಯ್ತಿ! ಹುಟ್ಟುವಾಗ ನನ್ನ ತಲೆ ಸೌತೆಕಾಯಿಯ ಹಾಗಿತ್ತು. ಅಮ್ಮ ಒತ್ತಿ ಒತ್ತಿ ಚೆಂಡಿನ ಹಾಗೆ ಉರುಟು ಮಾಡಲಿಲ್ವಾ?” ಎಂದೆ.

“ನಿನ್ನದು ಈಗಲೂ ಉರುಟಿಲ್ಲ ಅಣ್ಣ” ಎಂದಳು.

ದಿನಾ ಸ್ನಾನಕ್ಕೆ ಮೊದಲು ನಾನೇ ಕೂತು ಒತ್ತಿದೆ. ಹಸಿ ಬಾಣಂತಿ ಇರುವ ಮನೆಗಳಲ್ಲೆಲ್ಲ ಮಾಡುವುದೇ ಅಲ್ಲವಾ? ಆ ಎಲುಬು ನನ್ನ ಅಂಗೈಗೆ ಬಗ್ಗಲಿಲ್ಲ. ಹಣೆ ಮುಂದೆ ಬಂತು, ಕಣ್ಣುಗಳು ಉಬ್ಬಿದವು. ವೀಡಿಯೋ ಕಾಲಿಗೆ ಮುಂಚೆ ಉಣ್ಣೆಯ ಟೊಪ್ಪಿ ಹಾಕುತ್ತಿದ್ದವನೂ ನಾನೇ. “ಈ ಸೆಕೆಯಲ್ಲಿ ಟೊಪ್ಪಿ ಯಾಕೆ ಮಾವ?” ಎಂದು ನೀನು ಕೇಳಿದಾಗ ಶೀತ ಎಂದೆ.

ಕಳೆದ ವಾರ ಎದುರು ಕೂತು ಮೀಸೆ ಕುಣಿಸಿದೆ. ಯಾವಾಗಲೂ ಬಿದ್ದು ಬಿದ್ದು ನಗುವವಳು ನಗಲಿಲ್ಲ. ಮರುದಿನವೇ ಮಂಗಳೂರಿಗೆ ಒಯ್ದೆ.

ಡಾಕ್ಟರು ಎದ್ದದ್ದು ನನಗಾಗಿ ಅಲ್ಲ ಮಗಾ, ಕೋಣೆಯ ಲೈಟು ಆರಿಸಲಿಕ್ಕೆ. ಕತ್ತಲಲ್ಲಿ ಟಾರ್ಚು ಹಿಡಿದು ಆಚೆ ಈಚೆ ಆಡಿಸಿದರು. ಅವಳ ಕಣ್ಣು ಬೆಳಕಿನ ಹಿಂದೆ ಹೋಗಲಿಲ್ಲ. ಒಳಗಿನ ಒತ್ತಡಕ್ಕೆ ಕಣ್ಣಿನ ನರ ಒಣಗಿದೆಯಂತೆ. ಈ ಗುರುವಾರ, ಈ ಕಾಗದ ನಿನ್ನ ಕೈ ಸೇರುವ ಮೊದಲೇ, ತಲೆ ತೆರೆಯುತ್ತಾರೆ. ಮಿದುಳಿಗೆ ಜಾಗ ಆದೀತು, ದೃಷ್ಟಿ ಮರಳುವುದಿಲ್ಲ. ಕಣ್ಣು ಮಬ್ಬಾದ ಕೂಡಲೇ ತಂದಿದ್ದರೆ ಸ್ವಲ್ಪವಾದರೂ ಉಳಿಸಬಹುದಿತ್ತು, ಯಾವಾಗಿನಿಂದ ಹೀಗೆ ಎಂದು ಕೇಳಿದರು. ನಿನ್ನೆಯಿಂದ ಎಂದೆ.

ನೀನು ಬಾ. ಬರುವಾಗ ಬಣ್ಣದ ಆಟಿಕೆ ಬೇಡ, ಶಬ್ದ ಬರುವಂಥದ್ದು ತಾ.

ಇತಿ,
ನಿನ್ನ ಸೋದರಮಾವ
ಮುಂಡಪ್ಪ

ಕವರು ಅಂಟಿಸುವ ಮೊದಲು ಇನ್ನೊಂದು ಮಾತು: ನಿನ್ನೆಯಿಂದ ಎಂದದ್ದು ಸುಳ್ಳು. ಕಳೆದ ವಾರ ಕಂಡುಹಿಡಿದದ್ದೂ ನಾನಲ್ಲ, ನಿನ್ನ ಅಮ್ಮ. ನನಗೆ ಮೊದಲೇ ಗೊತ್ತಿತ್ತು. ಮೀಸೆ ಕೆನ್ನೆಗೆ ತಾಗಿಸಿದರೆ ಮಾತ್ರ ಅವಳು ನಗುತ್ತಿದ್ದಳು. ನಾನು ತಾಗಿಸಿ ತಾಗಿಸಿ ನಗಿಸಿ, ಎಲ್ಲರೆದುರು, ನೋಡಿ, ನನ್ನನ್ನು ಕಂಡರೆ ಇವಳಿಗೆ ಎಷ್ಟು ಖುಷಿ ಎನ್ನುತ್ತಿದ್ದೆ. ಕಣ್ಣು ಮಬ್ಬಾಗಲಿಕ್ಕೆ ಶುರುವಾದದ್ದು ದೀಪಾವಳಿಗೆ. ನಾನು ಕಳೆದದ್ದು ಒಂದು ದಿನ ಅಲ್ಲ, ನಾಲ್ಕು ತಿಂಗಳು.