ಮಗುಚಿದ ಮೂರನೆಯ ಬಟ್ಟಲು

ಇಸ್ತರಾವಶನ್
22 ಫೆಬ್ರವರಿ 2009

ಪ್ರೀತಿಯ ಮಗಳು ಸನವ್ಬರ್‌ಗೆ,

ನಿನ್ನ ಚಿಕ್ಕಪ್ಪ ನಜ್ಮಿದ್ದೀನನ ಸಲಾಮು. ಸಮರ್ಕಂದದಲ್ಲಿ ನೀನು, ನಿನ್ನ ಯಜಮಾನರು, ಮಕ್ಕಳು ಎಲ್ಲರೂ ಬೆಚ್ಚಗಿದ್ದೀರೆಂದು ನಂಬಿದ್ದೇನೆ. ನಿನ್ನ ಮೂರು ಕಾಗದಗಳೂ ಕೈಸೇರಿದವು. ಒಂದಕ್ಕೂ ಉತ್ತರ ಬರೆಯದ ನನ್ನನ್ನು ನೀನು ಬೈದುಕೊಂಡಿರುತ್ತೀಯೆ, ಬೈದದ್ದು ಕಡಿಮೆಯೇ ಆಯಿತು. ಕೈನೋವಿತ್ತು, ಕರೆಂಟಿರಲಿಲ್ಲ, ಗಡಿ ದಾಟುವವರು ಯಾರೂ ಸಿಗಲಿಲ್ಲ. ಇದೆಲ್ಲ ನಿಜ. ಆದರೂ ಬರೆಯುವ ಮನಸ್ಸಿದ್ದಿದ್ದರೆ ಬರೆಯುತ್ತಿದ್ದೆ. ಒಣಹಣ್ಣು ಮಾರುವ ರುಖ್ಸೋರಾ ನಾಳೆ ಆ ಕಡೆ ಹೊರಟಿದ್ದಾಳೆ. ಇನ್ನು ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಇಲ್ಲಿ ಚಳಿ ಇನ್ನೂ ಹೋಗಿಲ್ಲ. ನಲ್ಲಿ ಹೆಪ್ಪುಗಟ್ಟಿ ಎರಡು ಸಲ ಒಡೆಯಿತು. ನನ್ನ ಕ್ಷೌರದಂಗಡಿಯಲ್ಲಿ ನೀರು ಕಾಯಿಸುವುದೇ ಒಂದು ದೊಡ್ಡ ಕೆಲಸ. ಜನ ಗಡ್ಡ ಬಿಟ್ಟುಕೊಂಡು ಓಡಾಡುತ್ತಿದ್ದಾರೆ, ನನ್ನ ಹೊಟ್ಟೆಯ ಮೇಲೆ ಹೊಡೆಯಲಿಕ್ಕೇ ಎಂಬಂತೆ. ನಿನ್ನ ಅಮ್ಮ ಗಟ್ಟಿಯಾಗಿದ್ದಾರೆ. ನೀನು ಕಳಿಸಿದ ಉಣ್ಣೆಯ ಶಾಲನ್ನು ಹೊದ್ದು ಓಣಿಯವರಿಗೆಲ್ಲ ತೋರಿಸಿ ಬಂದರು.

ನೀನು ಮೂರು ಕಾಗದದಲ್ಲೂ ಕೇಳಿರುವುದು ಒಂದೇ ಪ್ರಶ್ನೆ. ಅಪ್ಪ ಯಾಕೆ ಪದ್ಯ ಹೇಳುವುದನ್ನು ಬಿಟ್ಟರು? ಫೋನಿನಲ್ಲಿ ಎರಡು ಸಾಲು ಹೇಳಿ ಎಂದರೆ "ನಂಗೇನೂ ನೆನಪಿಲ್ಲಮ್ಮ" ಅಂತಾರಲ್ಲ, ಯಾಕೆ? ಡಾಕ್ಟರು ಏನಂದರು? ಡಾಕ್ಟರು ತಲೆಯಲ್ಲಿ ಏನೂ ಕೆಟ್ಟಿಲ್ಲ ಎಂದರು. ಕಣ್ಣಿನ ಪೊರೆ ಬಲಿತಿದೆ, ಅದು ಬೇರೆ ವಿಷಯ.

ನಡೆದದ್ದನ್ನು ಹೇಳುತ್ತೇನೆ. ನಮ್ಮ ಶುಕ್ರವಾರದ ಕೂಟದ ಪದ್ಧತಿ ನಿನಗೆ ಗೊತ್ತು. ಬಾಗಿಲ ಹಿಂದೆ ನಿಂತು ಕೇಳಿಯೇ ಬೆಳೆದವಳು ನೀನು. ಆದರೂ ಮತ್ತೆ ಬರೆಯುತ್ತೇನೆ, ಎಲ್ಲ ಆದದ್ದು ಅದರಿಂದಲೇ. ಪದ್ಯ ಹೇಳುವವನು ತಪ್ಪಿದರೆ ಬಾಯಿ ಹಾಕುವಂತಿಲ್ಲ. ತಪ್ಪು ಕಂಡವನು ತನ್ನ ಟೀ ಬಟ್ಟಲನ್ನು ಮಗುಚಿಡಬೇಕು. ಒಂದೇ ಮಧ್ಯಾಹ್ನ ಮೂರು ಬಟ್ಟಲು ಮಗುಚಿದರೆ ಪದ್ಯಗಳ ಹಳೆಯ ಪುಸ್ತಕವೂ ಹೇಳುವವನ ಜಾಗವೂ ಮೂರನೆಯ ಬಟ್ಟಲಿನವನಿಗೆ. ತಪ್ಪಿಲ್ಲದ ಕಡೆ ಬಟ್ಟಲು ಮಗುಚಿದವನು ಮುಂದಿನ ಹೊಸವರ್ಷದ ನವ್ರೂಜ್ ಹಬ್ಬದವರೆಗೆ ಬಾಗಿಲ ಬಳಿ ಕೂತು ಎಲ್ಲರಿಗೂ ಟೀ ಹೊಯ್ಯಬೇಕು, ಒಂದು ಸಾಲೂ ಹೇಳಬಾರದು. ಇದು ನಿನ್ನ ತಾತ ಮಾಡಿದ ಕಟ್ಟಳೆ. ಅವರು ತೀರಿಕೊಂಡ ಮೇಲೆ ಮೂವತ್ತೊಂದು ವರ್ಷ ನಿನ್ನ ಅಪ್ಪ, ನನ್ನ ಅಣ್ಣನೇ ಹೇಳಿದ. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಅವನ ಎದುರು ಮೂರು ಬಟ್ಟಲು ಮಗುಚಿರಲಿಲ್ಲ.

ಹೋದ ಅಕ್ಟೋಬರಿನಲ್ಲಿ ಕೂಟ ನಮ್ಮ ಮನೆಯಲ್ಲಿತ್ತು. ಪಲಾವಿಗೆ ದಾಳಿಂಬೆಯಷ್ಟು ದಪ್ಪದ ಹಳದಿ ಬಿಹೀ ಹಣ್ಣು ಹಾಕಿ ನಾನೇ ಬೇಯಿಸಿದ್ದೆ. ದುಶಾಂಬೆಯಿಂದ ಒಬ್ಬ ಪ್ರೊಫೆಸರು ಬಂದಿದ್ದರು. ಅಣ್ಣ ಹೇಳುವುದನ್ನೆಲ್ಲ ಯಂತ್ರದಲ್ಲಿ ಹಿಡಿದಿಡಬೇಕು, ಹೀಗೆ ಬಾಯಿಪಾಠ ಬರುವವರು ಇನ್ನು ಸಿಗುವುದಿಲ್ಲ, ಐದಾರು ಶುಕ್ರವಾರ ಬಂದು ಪೂರ್ತಿ ತುಂಬಿಕೊಳ್ಳುತ್ತೇನೆ ಎಂದರು. ಅಣ್ಣ ಹೊಸ ಮದುಮಗನಂತೆ ನಾಚಿಕೊಂಡು ಮೈಕಿನ ಮುಂದೆ ಕೂತ.

ಎಷ್ಟು ಚೆನ್ನಾಗಿ ಶುರುವಾಯಿತು ಗೊತ್ತೇನು! ಕತ್ತಲೆಯನ್ನು ನೋಡಲು ದೀಪ ಹಿಡಿದು ಹೋದವನೊಬ್ಬ ಕತ್ತಲೆಯೇ ಇಲ್ಲವೆಂದು ಮರಳಿದ, ಎನ್ನುವ ಪದ್ಯವಿದೆಯಲ್ಲ, ಆ ಎರಡು ಸಾಲಿನ ಮೇಲೆ ಒಂದು ಗಂಟೆ ಜಗಳ.

"ದೀಪ ಆರಿಸ್ಬೇಕಿತ್ತು, ಅಷ್ಟೇ. ಪೆದ್ದ ಅವನು," ಎಂದ ಚಾಕು ಮಾಡುವ ಕಹ್ಹಾರ್.

"ಪೆದ್ದ ಅಲ್ಲ ಕಣೋ, ಸರ್ಕಾರಿ ಇನ್‌ಸ್ಪೆಕ್ಟರ್. ಎಲ್ಲಾ ಸರಿಯಾಗಿದೆ ಅಂತ ಬರ್ಕೊಂಡು ಹೋದ," ಎಂದ ರೊಟ್ಟಿ ಸುಡುವ ಗನೀ.

"ಇಬ್ರೂ ಸುಮ್ನಿರ್ರಪ್ಪಾ," ಎಂದು ಅಣ್ಣ ನಕ್ಕ. "ದೀಪ ತಾನೇ ಅವನ ಓದು? ಓದಿರೋನಿಗೇ ಕಾಣಲ್ಲ ಅಂತ ಹೇಳ್ತಿದಾನೆ. ನನ್ನಂಥ ಮಾಸ್ತರನಿಗೆ ಹೊಡೆದ ಏಟು ಅದು."

ಪ್ರೊಫೆಸರು ಖುಷಿಯಿಂದ ತೊಡೆ ತಟ್ಟಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಟೀ ನೋಡ್ಕೊಳ್ಳೋರಾ? ಇನ್ನೊಂದು ಬಟ್ಟಲು ಕೊಡಿ," ಎಂದರು. ಕೊಟ್ಟೆ.

ಅಣ್ಣನಿಗೆ ದಣಿವಾಗಿತ್ತು. ಒಂದು ಕಡೆ ಒಂದು ಪದ ಬಿಟ್ಟ, ಕಹ್ಹಾರ್ ಬಟ್ಟಲು ಮಗುಚಿದ. ಇನ್ನೊಂದು ಕಡೆ ಸಾಲು ಹಿಂದುಮುಂದಾಯಿತು, ಗನೀ ಮಗುಚಿದ. ಅವೆರಡೂ ತಪ್ಪೇ, ಅಣ್ಣನೂ ಒಪ್ಪಿ ತಿದ್ದಿಕೊಂಡ. ಆಮೇಲೆ ನಿನ್ನ ಅಜ್ಜಿಗೆ ಇಷ್ಟವಾದ ಆ ಪದ್ಯ ಬಂತು.

"ನಿನ್ನ ಹೊಸ್ತಿಲ ಧೂಳಾಗಿ ಬಿದ್ದಿರಲು ಬಂದೆ,
ನೀನು ಆ ಮನೆ ಬಿಟ್ಟು ಬಹಳ ದಿನವಾಗಿತ್ತು."

ನಾನು ಬಟ್ಟಲು ಮಗುಚಿದೆ.

ಅಣ್ಣ ನನ್ನ ಕಡೆ ಮುಖ ಮಾಡಿ, "ಏನೋ ತಮ್ಮಾ, ಎಲ್ಲಿ ತಪ್ಪಿದೆ?" ಎಂದ. ಎರಡನೆಯ ಸಾಲು ಬೇರೆ ಪದ್ಯದ್ದು ಎಂದೆ. ಇಲ್ಲಿ ಇರಬೇಕಾದದ್ದು "ಕದ ತೆರೆದು ನೀನು ನಕ್ಕದ್ದೇ ಸಾಕಾಗಿತ್ತು" ಎಂದೆ.

"ಹೌದಾ? ಅಪ್ಪ ಹೇಳ್ಕೊಟ್ಟಿದ್ದು ಹಾಗಲ್ವಲ್ಲ. ಪುಸ್ತಕ ತೆಗೆದು ನೋಡು. ನಂಗೆ ಕಾಣಲ್ಲ."

ಪುಸ್ತಕದ ಆ ಹಳೆಯ ಅರಬ್ಬಿ ಲಿಪಿ ಕೂಟದಲ್ಲಿ ನಮ್ಮಿಬ್ಬರಿಗೆ ಮಾತ್ರ ಬರುವುದು. ಹೊರಗಿನವರ ಕೈಗೆ ಪುಸ್ತಕ ಕೊಡುವ ಪದ್ಧತಿಯಿಲ್ಲ. ಸುತ್ತಿದ್ದ ಬಟ್ಟೆ ಬಿಚ್ಚಿ, ಪುಸ್ತಕ ತೆರೆದು, ಪುಟ ಹುಡುಕಿ, ನಾನು ಹೇಳಿದ ಸಾಲನ್ನೇ ಗಟ್ಟಿಯಾಗಿ ಓದಿದೆ.

ಅಣ್ಣ ವಾದ ಮಾಡಲಿಲ್ಲ. ಪುಸ್ತಕ ಇಸಿದುಕೊಂಡು ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟ. "ಅಮ್ಮನ ಮುಂದೆ ಎಷ್ಟು ಸಲ ತಪ್ಪು ಹೇಳಿದೀನೋ," ಎಂದ. ಎದ್ದು, ಗೋಡೆ ತಡವಿಕೊಂಡು ಬಾಗಿಲ ಬಳಿ ಹೋಗಿ ಕೂತ. ಪ್ರೊಫೆಸರು ತಂತಿ ಸುತ್ತಿ ಯಂತ್ರ ಎತ್ತಿಟ್ಟುಕೊಂಡರು. ಮರ್ಯಾದಸ್ಥರು, ಪಲಾವ್ ಉಂಡೇ ಹೋದರು. ಮತ್ತೆ ಬರಲಿಲ್ಲ.

ಅಂದಿನಿಂದ ಅಣ್ಣ ಬಾಯಿ ಬಿಟ್ಟಿಲ್ಲ. ಬರೀ ಪದ್ಯವಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಈಗ ಅವನಿಗೆ ತನ್ನ ಯಾವ ನೆನಪಿನ ಮೇಲೂ ನಂಬಿಕೆಯಿಲ್ಲ. ನಮಾಜು ಮಾಡಿ ಎದ್ದವನು, "ಮಾಡಿದ್ನಾ?" ಎಂದು ನಿನ್ನ ಅಮ್ಮನನ್ನು ಕೇಳುತ್ತಾನೆ. ನಿನ್ನ ಮಕ್ಕಳ ಹೆಸರು ಹೇಳಲು ಬಾಯಿ ತೆರೆದು, ತಪ್ಪಾದೀತೆಂದು ಮುಚ್ಚಿಕೊಳ್ಳುತ್ತಾನೆ. ಹೆಸರು ಅವನಿಗೆ ಗೊತ್ತು ಮಗಳೇ, ಹೇಳಲು ಹೆದರಿಕೆ. ಮೊನ್ನೆ ನಿನ್ನ ಅಮ್ಮ ಅಡುಗೆಮನೆಯಲ್ಲಿ ನನ್ನನ್ನು ತಡೆದು, "ನಲವತ್ತು ವರ್ಷ ಇವರ ಗಲಾಟೆಗೆ ಬೈದೆ ಕಣಪ್ಪ. ಈಗ ಈ ಮನೇಲಿ ಗಡಿಯಾರದ ಸದ್ದು ಕೇಳಿಸುತ್ತೆ," ಎಂದು ಅತ್ತರು.

ಕೂಟವೂ ಮುಗಿದ ಹಾಗೆಯೇ. ಈಗ ಹೇಳುವವನು ನಾನು. ಹೋದ ಶುಕ್ರವಾರ ಇಬ್ಬರು ಬಂದರು. ಕಹ್ಹಾರ್ ನನ್ನ ಮುಖ ನೋಡದೆ ರೊಟ್ಟಿ ಮುರಿಯುತ್ತಾ, "ನೀನೇನೂ ತಪ್ಪು ಹೇಳಲ್ಲಪ್ಪ. ಆದ್ರೆ ನೀನು ಹೇಳಿದ್ಮೇಲೆ ಜಗಳ ಆಡ್ಬೇಕು ಅನ್ನಿಸಲ್ಲ," ಎಂದ. ಪಲಾವ್ ಅರ್ಧ ಉಳಿಯಿತು. ನಾನು ಬದುಕಿರುವಾಗಲೇ ನಮ್ಮಪ್ಪನ ಕೂಟ ಸತ್ತುಹೋಯಿತು, ಮಗಳೇ. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿದೆ.

ನಿನಗೆ ವೀಸಾ ಸಿಗುವುದಿಲ್ಲವೆಂದು ಗೊತ್ತು. ಆದರೂ ಅರ್ಜಿ ಹಾಕುತ್ತಿರು. ದೇವರು ನಿನ್ನ ಮನೆಯ ಒಲೆ ಆರದಂತೆ ಕಾಯಲಿ, ಮಕ್ಕಳಿಗೆ ಆಯುಸ್ಸು ಕೊಡಲಿ, ನಿನ್ನ ಅಪ್ಪನ ಕಣ್ಣು ಇರುವಾಗಲೇ ನಿನ್ನನ್ನು ಅವನ ಎದುರು ನಿಲ್ಲಿಸಲಿ.

ನಿನ್ನ ಚಿಕ್ಕಪ್ಪ
ನಜ್ಮಿದ್ದೀನ್

ತಾ.ಕ.: ಇದು ಮರೆತು ಉಳಿದದ್ದಲ್ಲ, ಬರೆಯಲಾರದೆ ಉಳಿಸಿದ್ದು. ಪುಸ್ತಕದಲ್ಲಿ ಇದ್ದದ್ದು ನಿನ್ನ ಅಪ್ಪ ಹೇಳಿದ ಸಾಲೇ. ಬಟ್ಟಲು ಮಗುಚುವಾಗ ನಾನು ಸರಿಯೆಂದೇ ನಂಬಿದ್ದೆ, ದೇವರಾಣೆ. ಪುಟ ತೆರೆದ ಕೂಡಲೇ ಗೊತ್ತಾಯಿತು. ಟೀ ನೋಡಿಕೊಳ್ಳುವವನೇ ಎಂದು ಕೇಳಿದ ಆ ಮನುಷ್ಯನ ಎದುರು ಎದ್ದು ಹೋಗಿ, ಬಾಗಿಲ ಬಳಿ ಟೀ ಹೊಯ್ಯುತ್ತಾ ಕೂರಲು ನನ್ನಿಂದ ಆಗಲಿಲ್ಲ. ಅಣ್ಣನಿಗೆ ಹೇಗೂ ಕಣ್ಣು ಕಾಣುವುದಿಲ್ಲ, ಸುಳ್ಳು ಓದಿದೆ.

ನಾಲ್ಕು ತಿಂಗಳು ನುಂಗಿಕೊಂಡಿದ್ದೆ. ಮೊನ್ನೆ ಗುರುವಾರ ಅವನಿಗೆ ಗಡ್ಡ ಹೆರೆಯುವಾಗ ಕತ್ತಿ ಕೆಳಗಿಟ್ಟು, ಕಾಲು ಹಿಡಿದು ಎಲ್ಲವನ್ನೂ ಹೇಳಿದೆ. ಪುಸ್ತಕ ತೆರೆದು ಇದ್ದದ್ದನ್ನು ಇದ್ದಂತೆ ಓದಿದೆ. ಅವನು ಸೋಪಿನ ನೊರೆಯ ಮುಖದಲ್ಲೇ ನಕ್ಕ. ನನ್ನ ತಲೆ ಸವರಿದ. "ಹುಚ್ಚ, ನನ್ನ ಸಮಾಧಾನಕ್ಕೆ ಪುಸ್ತಕದ ಮೇಲೆ ಕೈಯಿಟ್ಟು ಸುಳ್ಳು ಹೇಳ್ತೀಯಲ್ಲೋ! ಇಷ್ಟು ಒಳ್ಳೆ ತಮ್ಮ ಯಾರಿಗಿದಾನೆ?" ಎಂದ. ಎಷ್ಟು ಅತ್ತರೂ, ಎಷ್ಟು ಆಣೆ ಹಾಕಿದರೂ ನಂಬಲಿಲ್ಲ.

ಆಮೇಲೆ ನನ್ನನ್ನು ಖುಷಿಪಡಿಸಲೆಂದು, ನಾಲ್ಕು ತಿಂಗಳಲ್ಲಿ ಮೊದಲ ಸಲ, ಆ ಪದ್ಯ ಹೇಳಿದ. "ಈಗ ಸರಿ ಕಲಿತಿದೀನಿ, ಕೇಳು," ಎಂದು ನಿಧಾನವಾಗಿ, ಒಂದೊಂದೇ ಪದ ತಡವಿ, ಅಂದು ನಾನು ಸುಳ್ಳಾಗಿ ಓದಿದ ಸಾಲನ್ನೇ ಹೇಳಿದ.