ತಲೆಕೆಳಗೆ ಹಿಡಿದ ಕ್ಯಾಮೆರಾ

ಅಕ್ಕಾ,

ನಾಗನೂರಿನಿಂದ ನಿನ್ನ ತಮ್ಮ. ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ಹೋದವರಿಗೆ ಹೀಗೆ ಬರೆಯುತ್ತಾರೋ ಇಲ್ಲವೋ ತಿಳಿಯದು. ಆದರೆ ಹೊಸ ಕ್ಯಾಮೆರಾ ತಂದ ಸುದ್ದಿಯನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಮನೆಯಲ್ಲಿ ಹೇಳಿದರೆ, "ಇದ್ದದ್ದಕ್ಕೇನ ಆಗಿತ್ರಿ?" ಎಂದು ಕೇಳುತ್ತಾರೆ. ಇದ್ದದ್ದಕ್ಕೆ ಏನಾಗಿತ್ತೆಂದು ನಿನಗಾದರೆ ಒಂದೇ ಮಾತಿನಲ್ಲಿ ತಿಳಿಯುತ್ತಿತ್ತು.

ಕಬ್ಬಿನ ಗಾಣ ನನ್ನ ಬಲಗೈ ಬೆರಳುಗಳನ್ನು ತೆಗೆದುಕೊಂಡ ವರ್ಷ ನೀನು ಮುಧೋಳ ಕಡೆಯ ಸಂಬಂಧ ಬಿಟ್ಟು ಮೂಡಲಗಿಗೆ ಸೊಸೆಯಾಗಿ ಹೋದೆ. ನಾಗನೂರು ಹತ್ತಿರ ಎಂಬುದೊಂದೇ ಕಾರಣ ಹೇಳಿದ್ದೆ. ಅಂಗೈ ಉಳಿದಿತ್ತು, ಬೆರಳಿರಲಿಲ್ಲ. ನಾನು ಎಡಗೈಯಲ್ಲಿ ಬರೆಯುವುದನ್ನು ಕಲಿತೆ, ಸಾಲಿ ಮಾಸ್ತರನೂ ಆದೆ. ಒಂದು ದಿನ ನೀನು ಗೋಕಾಕದ ಸ್ಟುಡಿಯೋದವರ ಹಳೆಯ ರೀಲ್ ಕ್ಯಾಮೆರಾವನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬಂದೆ. "ನೀ ನೋಡು, ನಾ ಒತ್ತತೀನಿ" ಎಂದೆ. ಗುಂಡಿ ಇದ್ದದ್ದು ಬಲಗಡೆ. ನಾನು ಎಡಗೈಯಲ್ಲಿ ಲೆನ್ಸು ಹಿಡಿದು ಕಣ್ಣಿಡುವುದು, "ಹೂಂ" ಅನ್ನುವುದು. ನೀನು ಬಾಜೂಕ್ಕೆ ನಿಂತು ಒತ್ತುವುದು. ಆಮೇಲೆ ಎಷ್ಟೋ ವರ್ಷ ನನ್ನ ಫೋಟೋಗಳೆಲ್ಲ ನಿನ್ನ ಬೆರಳಿನವು.

ಹುಕ್ಕೇರಿಯ ಗುಮ್ಮಟಗಳಿಗೆ ಹೋದ ರವಿವಾರ ನಿನಗೆ ನೆನಪಿದೆಯೇ? ನಾನು "ಹೂಂ" ಅಂದೆ. ನೀನು ಯಾವುದೋ ಮುದುಕಿಯ ಜೊತೆ ಮಾತಿಗೆ ನಿಂತಿದ್ದೆ. ಎರಡನೇ ಸಲ ಒದರಿದಾಗ ಓಡಿಬಂದು ಒತ್ತಿದೆ. ಅಷ್ಟರಲ್ಲಿ ಕಮಾನಿನ ಗೂಡಿನಿಂದ ಗಿಳಿಗಳೆಲ್ಲ ಎದ್ದು ಹಾರಿದ್ದವು. ನಾನು ದಾರಿಯುದ್ದಕ್ಕೂ ಸಿಟ್ಟು ಮಾಡಿಕೊಂಡು ಬಂದೆ. ಫೋಟೋ ತೊಳೆದು ಬಂದಾಗ ನೋಡಿದರೆ, ಕಲ್ಲಿನ ಮುಂದೆ ಆಕಾಶ ತುಂಬ ಗಿಳಿಗಳು. "ನೀ ಹೂಂ ಅಂದಾಗ ಒತ್ತಿದ್ರ ಬರೇ ಕಲ್ಲ ಬರ್ತಿತ್ತು" ಎಂದು ಅದನ್ನು ನನ್ನ ಮೂಗಿಗೆ ಹಿಡಿದೆ.

ಕಾಮಾಲೆಯಾಗಿ ನೀನು ಹೋದ ಮೇಲೆ ರೀಲ್ ಕ್ಯಾಮೆರಾ ಕಪಾಟು ಸೇರಿತು. ರೀಲೂ ಸಿಗುವುದು ಕಡಿಮೆಯಾಯಿತು. ನಿನ್ನ ಯಜಮಾನರು, ನಮ್ಮ ಮಾಮಾ, ಒಂದು ಸಣ್ಣ ಡಿಜಿಟಲ್ ಕ್ಯಾಮೆರಾ ತಂದುಕೊಟ್ಟರು. ಎಡಗೈಯನ್ನು ಮೇಲಿನಿಂದ ಬಳಸಿ ಒತ್ತಿದರೆ ಅದು ವಾಲುತ್ತಿತ್ತು, ಚಿತ್ರ ಅಲುಗುತ್ತಿತ್ತು. ಸ್ಟ್ಯಾಂಡಿನ ಮೇಲಿಟ್ಟರೆ ನಿಂತದ್ದು ಮಾತ್ರ ಸಿಗುತ್ತಿತ್ತು. ಗುಂಡಿ ಒತ್ತಿದ ಮೇಲೆ ಅದು ಯೋಚನೆ ಮಾಡಿ ಚಿತ್ರ ತೆಗೆಯುವಷ್ಟರಲ್ಲಿ ಹಕ್ಕಿ ಆಚೆ ಹೊಲದಲ್ಲಿ. ನಾನು ಗಿಡ, ಗೋಡೆ, ಕಟ್ಟಿ ಹಾಕಿದ ಎಮ್ಮೆ ಇವುಗಳ ಫೋಟೋ ತೆಗೆಯತೊಡಗಿದೆ. ಆಮೇಲೆ ಅದನ್ನೂ ಬಿಟ್ಟೆ.

ಹೋದ ತಿಂಗಳು ಮಾಮಾ ತಾವಾಗಿಯೇ ಬಂದು, "ನಡಿ, ಬೆಳಗಾವಿಗೆ ಹೋಗಿ ಛಲೋದೊಂದು ನೋಡೂಣು" ಎಂದರು. ಅಂಗಡಿಯವನು ನನ್ನ ಕೈ ನೋಡಿದ. ನೋಡದವನ ಹಾಗೆ ಒಂದು ಹಗುರ ಕ್ಯಾಮೆರಾ ಮುಂದಿಟ್ಟ. ದೂರದ್ದನ್ನು ಹತ್ತಿರ ಎಳೆಯುತ್ತದೆ, ಪರದೆ ಬೇಕಾದ ಕಡೆ ತಿರುಗುತ್ತದೆ, ರಿಮೋಟೂ ಇದೆ ಎಂದ.

"ನಿಮಗ ಇದು ಬರೋಬರಿ ಆಗತೈತ್ರಿ ಸರ್. ದೊಡ್ಡದು ಭಾಳ ವಜ್ಜಿ, ಎರಡೂ ಕೈ ಬೇಕ್ರಿ."

ಮಾತು ಖರೆಯೇ. ಅದನ್ನೇ ಕಟ್ಟಿಕೊಡಿ ಅನ್ನುವವನಿದ್ದೆ. ಮಾಮಾ ಕುರ್ಚಿಯಿಂದ ಏಳಲಿಲ್ಲ. "ದೊಡ್ಡದನ್ನೂ ತೋರಸ್ರಿ. ನೋಡಾಕೇನ್ ಹೋಗತೈತಿ?" ಎಂದರು.

ಅವನು ದೊಡ್ಡದನ್ನು ತಂದು, ಕೆಳಗಿನ ಬ್ಯಾಟರಿಯ ಮುಚ್ಚಳ ತೋರಿಸಲೆಂದು ಬೋರಲು ಮಾಡಿ ಗಾಜಿನ ಮೇಲಿಟ್ಟ. ನಾನು ಎಡಗೈಯಲ್ಲಿ ಅದು ಹೇಗಿತ್ತೋ ಹಾಗೆಯೇ ಎತ್ತಿಕೊಂಡೆ. ಹಿಡಿಕೆ ಎಡಗಡೆಗೆ ಬಂದಿತ್ತು. ಹೆಬ್ಬೆರಳು ಗುಂಡಿಯ ಮೇಲೆ ಹೋಗಿ ಕೂತಿತು. ಬಲ ಅಂಗೈಯನ್ನು ಲೆನ್ಸಿನ ಕೆಳಗೆ ಕೊಟ್ಟೆ. ಕಣ್ಣಿಟ್ಟರೆ ಬೀದಿ ನೆಟ್ಟಗೇ ಕಾಣುತ್ತಿತ್ತು. ಅಂಚಿನ ಅಂಕಿಗಳು ಮಾತ್ರ ತಲೆಕೆಳಗಾಗಿದ್ದವು. ಹೊರಗೆ ಸೈಕಲ್ಲಿನವನೊಬ್ಬ ಹೊರಟಿದ್ದ. ಒತ್ತಿದೆ. ಸಿಕ್ಕ.

"ಸರ್, ಉಲ್ಟಾ ಹಿಡದೀರಿ" ಎಂದ ಅಂಗಡಿಯವನು.

"ಇರ್ಲಿ ಬಿಡ್ರಿ" ಎಂದೆ. "ಇದನ್ನಽ ಕೊಡ್ರಿ."

ಬಸ್ಸಿನಲ್ಲಿ ಬರುವಾಗ ಹೊಳೆಯಿತು. ರೀಲ್ ಕ್ಯಾಮೆರಾದ ಗುಂಡಿಯೂ ಅದೇ ಕಡೆ ಇತ್ತು. ಅದನ್ನೂ ತಿರುವಿ ಹಿಡಿಯಬಹುದಾಗಿತ್ತು, ತೊಳೆದು ಬಂದ ಫೋಟೋವನ್ನು ಕೈಯಲ್ಲಿ ತಿರುಗಿಸಿಕೊಂಡರೆ ಆಯಿತು. ಅಷ್ಟು ವರ್ಷ ಇಬ್ಬರಿಗೂ ಇದು ತಿಳಿಯಲಿಲ್ಲವೇ? ಗೋಕಾಕ ಫಾಲ್ಸಿನಲ್ಲಿ ಒಮ್ಮೆ, ಹನಿ ಒರೆಸುವಾಗ ನೀನು ಕ್ಯಾಮೆರಾವನ್ನು ಬೋರಲು ಮಾಡಿ, ಹಾಗೆಯೇ ಕಣ್ಣಿಗೆ ಹಿಡಿದು, ಸ್ವಲ್ಪ ಹೊತ್ತು ನೋಡಿ, ಮತ್ತೆ ನೆಟ್ಟಗೆ ಮಾಡಿ ನನ್ನ ಕೈಗೆ ಕೊಟ್ಟಿದ್ದೆ. ಆಗ ನಿನಗೆ ಹೊಳೆದಿತ್ತೋ, ಅಥವಾ ಸುಮ್ಮನೆ... ತುಂಬಿದ ಮನೆಯ ಸೊಸೆ ನೀನು. ರವಿವಾರ ಹೊರಗೆ ಬರಲು ನಿನ್ನಲ್ಲಿ ಇದ್ದ ನೆವ ನನ್ನ ಕೈ ಒಂದೇ. ತಿಳಿದೂ ಹೇಳದೆ ಇದ್ದಿದ್ದರೆ ಒಳ್ಳೆಯದೇ ಮಾಡಿದೆ. ಹೇಳಿದ್ದರೆ ನಾನು ಒಬ್ಬನೇ ಹೋಗಿಬಿಡುತ್ತಿದ್ದೆ.

ಇನ್ನು ನಿನಗೆ ತಲುಪದ ಸುದ್ದಿ. ನಿನ್ನ ಮಗಳು ಸ್ವಾತಿಯನ್ನು ಹುಕ್ಕೇರಿಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಲ್ಲ, ಮೂಡಲಗಿಯಲ್ಲಿ ನೀನಿಲ್ಲ. ಹಾಗಾಗಿ ನಮ್ಮ ಮನೆಗೇ ಕರೆತಂದೆವು. ಘಟಪ್ರಭಾದ ಆಸ್ಪತ್ರೆಯಲ್ಲಿ ಹೆಣ್ಣು ಕೂಸಾಯಿತು. ಇಬ್ಬರೂ ಆರಾಮ. ಮನೆಗೆ ತಂದ ದಿನ ಮಾಮಾ ತೊಟ್ಟಿಲ ಹತ್ತಿರ ಕೂಸನ್ನು ತೂಗುತ್ತ ಕೂತಿದ್ದರು. ಆಮೇಲೆ ಮೆಲ್ಲಗೆ, "ಪದ್ಮಾವತಿ ಅಂತ ಆಕಿ ಹೆಸರಽ ಇಡೂಣು" ಎಂದರು. ಎಲ್ಲರೂ ಸ್ವಾತಿಯ ಮುಖ ನೋಡಿದೆವು.

"ಬ್ಯಾಡ ಅಪ್ಪಾ" ಎಂದಳು ಅವಳು. "ನಾಳಿ ಇದು ಹಟಾ ಮಾಡತೈತಿ, ಬೈಬೇಕಾಗತೈತಿ. ಅವ್ವನ ಹೆಸರ ಹಿಡದು ನಾ ಹ್ಯಾಂಗ ಬೈಲಿ?"

ಮಾಮಾ ಅವಳನ್ನೇ ನೋಡಿದರು. ಆಮೇಲೆ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು, ಕೂಸು ಬೆಚ್ಚಿ ಅಳುವಷ್ಟು. ಕ್ಯಾಮೆರಾ ನನ್ನ ಕೊರಳಲ್ಲೇ ಇತ್ತು. ತಿರುವಿ ಹಿಡಿದು ಒತ್ತಿದೆ. ನೀನು ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ ಅಕ್ಕಾ. ಅದು ಈಗ ನನ್ನ ಹತ್ತಿರ ಇದೆ.

ನಿನ್ನ ತಮ್ಮ